ಪ್ರಯಾಣದಲ್ಲಿ ನಿಸ್ತಂತು ಅಂತರಜಾಲ ಸಂಪರ್ಕ

ಪ್ರಯಾಣದಲ್ಲಿ ನಿಸ್ತಂತು ಅಂತರಜಾಲ ಸಂಪರ್ಕ ಎಂದರೆ ಮನೆ ಅಥವಾ ಕಚೇರಿಯ ತಂತಿ ಸಂಪರ್ಕವನ್ನು ಅವಲಂಬಿಸದೆ, ಸಂಚರಿಸುತ್ತಿರುವಾಗ ಇಲ್ಲವೇ ತಾತ್ಕಾಲಿಕ ತಂಗುದಾಣಗಳಲ್ಲಿ ರೇಡಿಯೊ ಅಲೆಗಳ ಮೂಲಕ ಅಂತರಜಾಲವನ್ನು ಪಡೆಯುವ ವ್ಯವಸ್ಥೆಯಾಗಿದೆ. ಮೊಬೈಲ್ ಜಾಲ, ಸಾರ್ವಜನಿಕ ವೈ-ಫೈ ಮತ್ತು ಉಪಗ್ರಹ ಸಂಪರ್ಕಗಳು ಇದರ ಮುಖ್ಯ ವಿಧಾನಗಳು. ಇವುಗಳಲ್ಲಿ ಯಾವುದೂ ಎಲ್ಲ ಸ್ಥಳಗಳಲ್ಲಿ, ಎಲ್ಲ ಸಮಯದಲ್ಲಿ ಏಕರೂಪವಾಗಿ ದೊರೆಯುವುದಿಲ್ಲ. ಆದುದರಿಂದ ಪ್ರಯಾಣಿಕರ ಮಟ್ಟಿಗೆ ವಿಶ್ವಾಸಾರ್ಹತೆ ಎಂಬುದು ವೇಗಕ್ಕಿಂತ ಹೆಚ್ಚಾಗಿ, ಒಂದು ಮಾರ್ಗ ಕೈಕೊಟ್ಟಾಗ ಮತ್ತೊಂದು ಮಾರ್ಗ ಇರುವುದನ್ನು ಅವಲಂಬಿಸಿದೆ.

ಈ ಲೇಖನವು ಮೈಸೂರು ಜಿಲ್ಲೆಯ ನಂಜನಗೂಡು ಹಾಗೂ ತಿರುಮಕೂಡಲು ನರಸೀಪುರ (ಟಿ. ನರಸೀಪುರ) ಪಟ್ಟಣಗಳನ್ನು ಮತ್ತು ಅವುಗಳ ಮೂಲಕ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 766ನ್ನು ಆಧಾರವಾಗಿಟ್ಟುಕೊಂಡು ಈ ವಿಷಯವನ್ನು ವಿವರಿಸುತ್ತದೆ.

ಭೌಗೋಳಿಕ ಹಿನ್ನೆಲೆ

ರಾಷ್ಟ್ರೀಯ ಹೆದ್ದಾರಿ 766 (ಹಿಂದಿನ ರಾಷ್ಟ್ರೀಯ ಹೆದ್ದಾರಿ 212) ಕೇರಳದ ಕೋಳಿಕ್ಕೋಡ್‌ನಿಂದ ಆರಂಭವಾಗಿ ವಯನಾಡು, ಗುಂಡ್ಲುಪೇಟೆ, ನಂಜನಗೂಡು, ಮೈಸೂರು ಮತ್ತು ಟಿ. ನರಸೀಪುರಗಳ ಮೂಲಕ ಕೊಳ್ಳೇಗಾಲವನ್ನು ತಲುಪುತ್ತದೆ. ಮೈಸೂರಿನಿಂದ ದಕ್ಷಿಣಕ್ಕೆ ಸುಮಾರು 25 ಕಿ.ಮೀ. ದೂರದಲ್ಲಿ ಕಪಿಲಾ (ಕಬಿನಿ) ನದಿಯ ದಡದಲ್ಲಿರುವ ನಂಜನಗೂಡು ಶ್ರೀಕಂಠೇಶ್ವರ ದೇವಾಲಯಕ್ಕೂ ಕೈಗಾರಿಕಾ ಪ್ರದೇಶಕ್ಕೂ ಹೆಸರಾಗಿದೆ. ಮೈಸೂರಿನ ಪೂರ್ವಕ್ಕೆ ಸುಮಾರು 30 ಕಿ.ಮೀ. ದೂರದಲ್ಲಿರುವ ಟಿ. ನರಸೀಪುರವು ಕಾವೇರಿ ಮತ್ತು ಕಪಿಲಾ ನದಿಗಳ ಸಂಗಮ ಸ್ಥಾನ. ತಲಕಾಡು ಮತ್ತು ಸೋಮನಾಥಪುರ ಇದೇ ತಾಲ್ಲೂಕಿನಲ್ಲಿವೆ.

ಎರಡೂ ಪಟ್ಟಣಗಳ ಸುತ್ತಲಿನ ಪ್ರದೇಶವು ಬಹುಮಟ್ಟಿಗೆ ನೀರಾವರಿಯ ಸಮತಟ್ಟಾದ ಬಯಲು. ಇಂತಹ ಬಯಲಿನಲ್ಲಿ ರೇಡಿಯೊ ಅಲೆಗಳಿಗೆ ಅಡೆತಡೆ ಕಡಿಮೆ. ಗುಂಡ್ಲುಪೇಟೆಯನ್ನು ದಾಟಿದ ಬಳಿಕ ಹೆದ್ದಾರಿಯು ಬಂಡೀಪುರ ಹುಲಿ ಸಂರಕ್ಷಿತ ಪ್ರದೇಶವನ್ನು ಪ್ರವೇಶಿಸುತ್ತದೆ. ಅಲ್ಲಿ ಗೋಪುರಗಳು ವಿರಳವಾಗಿದ್ದು, ದಟ್ಟ ಮರಗಳು ಮತ್ತು ಏರಿಳಿತದ ನೆಲ ಅಲೆಗಳನ್ನು ತಡೆಯುತ್ತವೆ. ನಂಜನಗೂಡು ಮೈಸೂರು–ಚಾಮರಾಜನಗರ ರೈಲು ಮಾರ್ಗದಲ್ಲಿದೆ, ಟಿ. ನರಸೀಪುರಕ್ಕೆ ರೈಲು ಸಂಪರ್ಕವಿಲ್ಲ. ಹೀಗಾಗಿ ರೈಲು ನಿಲ್ದಾಣದ ವೈ-ಫೈನಂತಹ ಸೌಲಭ್ಯಗಳ ದೃಷ್ಟಿಯಿಂದ ಎರಡು ಪಟ್ಟಣಗಳ ಸ್ಥಿತಿ ಒಂದೇ ಆಗಿಲ್ಲ.

ಇತಿಹಾಸ

ಮೊಬೈಲ್ ದೂರವಾಣಿಗೆ ಮೊದಲು ಪ್ರಯಾಣಿಕರು ದೂರದ ಸಂಪರ್ಕಕ್ಕೆ ಅಂಚೆ, ತಂತಿ ಮತ್ತು ಎಸ್‌ಟಿಡಿ ಬೂತ್‌ಗಳನ್ನು ಅವಲಂಬಿಸಿದ್ದರು. ಭಾರತದಲ್ಲಿ ತಂತಿ ಸೇವೆಯು 2013ರ ಜುಲೈನಲ್ಲಿ ಕೊನೆಗೊಂಡಿತು. ದೇಶದ ಮೊದಲ ಮೊಬೈಲ್ ಕರೆಯನ್ನು 1995ರ ಜುಲೈ 31ರಂದು ಮಾಡಲಾಯಿತು. ಸಾರ್ವಜನಿಕರಿಗೆ ಅಂತರಜಾಲ ಸೇವೆಯು ಅದೇ ವರ್ಷದ ಆಗಸ್ಟ್ 15ರಂದು ಆರಂಭವಾಯಿತು. 4ಜಿ ಸೇವೆ 2012ರಲ್ಲಿ ಕೋಲ್ಕತ್ತ ಮತ್ತು ಬೆಂಗಳೂರಿನಂತಹ ನಗರಗಳಲ್ಲಿ ಆರಂಭವಾಯಿತಾದರೂ, 2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಸಂಸ್ಥೆಯ ಪ್ರವೇಶದ ನಂತರ ಡೇಟಾ ದರಗಳು ಕುಸಿದು ಸಣ್ಣ ಪಟ್ಟಣ ಮತ್ತು ಹಳ್ಳಿಗಳಲ್ಲಿ ಬಳಕೆ ವ್ಯಾಪಕವಾಯಿತು. 5ಜಿ ಸೇವೆಗೆ 2022ರ ಅಕ್ಟೋಬರ್ 1ರಂದು ಚಾಲನೆ ದೊರೆಯಿತು. ಸರ್ಕಾರಿ ಸ್ವಾಮ್ಯದ ಬಿಎಸ್‌ಎನ್‌ಎಲ್ ಸ್ವದೇಶಿ ತಂತ್ರಜ್ಞಾನದ 4ಜಿ ಜಾಲವನ್ನು 2025ರ ಸೆಪ್ಟೆಂಬರ್ 27ರಂದು ರಾಷ್ಟ್ರಮಟ್ಟದಲ್ಲಿ ಉದ್ಘಾಟಿಸಲಾಯಿತು.

ಒಂದು ದೂರಸಂಪರ್ಕ ವಲಯದಿಂದ ಮತ್ತೊಂದಕ್ಕೆ ಹೋದಾಗಲೂ ಮೊಬೈಲ್ ಸಂಖ್ಯೆಯನ್ನು ಉಳಿಸಿಕೊಂಡು ಸಂಸ್ಥೆಯನ್ನು ಬದಲಿಸುವ ಸೌಲಭ್ಯವು 2015ರ ಜುಲೈನಲ್ಲಿ ಜಾರಿಗೆ ಬಂದಿತು. ಊರೂರು ಅಲೆಯುವ ಉದ್ಯೋಗಗಳಲ್ಲಿರುವವರಿಗೆ ಇದರಿಂದ ಒಂದೇ ಸಂಖ್ಯೆಯನ್ನು ಶಾಶ್ವತ ವಿಳಾಸದಂತೆ ಉಳಿಸಿಕೊಳ್ಳಲು ಸಾಧ್ಯವಾಯಿತು.

ಬಳಕೆದಾರರು

ಈ ಹೆದ್ದಾರಿಯಲ್ಲಿ ನಿಸ್ತಂತು ಸಂಪರ್ಕವನ್ನು ಅವಲಂಬಿಸಿದವರಲ್ಲಿ ಪ್ರವಾಸಿಗರು ಮತ್ತು ಯಾತ್ರಿಕರು ಒಂದು ವರ್ಗವಾದರೆ, ದುಡಿಮೆಗಾಗಿ ರಸ್ತೆಯಲ್ಲೇ ದಿನಗಳನ್ನು ಕಳೆಯುವವರು ಮತ್ತೊಂದು ವರ್ಗ. ಎರಡನೆಯ ವರ್ಗದವರಿಗೆ ಸಂಪರ್ಕವು ಮನರಂಜನೆಯ ಸಾಧನ ಮಾತ್ರವಲ್ಲ, ಜೀವನೋಪಾಯದ ಭಾಗವಾಗಿದೆ.

ಲಾರಿ ಚಾಲಕರು: ಬಂಡೀಪುರದ ಮೂಲಕ ರಾತ್ರಿ 9ರಿಂದ ಬೆಳಿಗ್ಗೆ 6ರ ವರೆಗೆ ವಾಹನ ಸಂಚಾರವನ್ನು 2009ರಲ್ಲಿ ನಿರ್ಬಂಧಿಸಲಾಯಿತು, 2010ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ಇದನ್ನು ಎತ್ತಿಹಿಡಿಯಿತು. ಆಂಬುಲೆನ್ಸ್‌ನಂತಹ ತುರ್ತು ವಾಹನಗಳಿಗೆ ವಿನಾಯಿತಿ ಇದೆ. ತಡವಾಗಿ ತಲುಪುವ ಸರಕು ವಾಹನಗಳು ಗುಂಡ್ಲುಪೇಟೆ ಅಥವಾ ನಂಜನಗೂಡಿನ ಕಡೆಯಲ್ಲಿ ರಾತ್ರಿ ಕಳೆಯಬೇಕಾಗುತ್ತದೆ. 50,000 ರೂಪಾಯಿಗಿಂತ ಹೆಚ್ಚು ಮೌಲ್ಯದ ಸರಕಿಗೆ ಸಾಮಾನ್ಯವಾಗಿ ಇ-ವೇ ಬಿಲ್ ಅಗತ್ಯ. 2021ರ ಜನವರಿಯಿಂದ ಪ್ರತಿ 200 ಕಿ.ಮೀ.ಗೆ ಒಂದು ದಿನದಂತೆ ಇದರ ಅವಧಿಯನ್ನು ಲೆಕ್ಕಹಾಕಲಾಗುತ್ತದೆ. ಅವಧಿ ಮುಗಿಯುವುದಕ್ಕೆ 8 ಗಂಟೆ ಮೊದಲಿನಿಂದ ಮುಗಿದ 8 ಗಂಟೆಗಳ ಒಳಗೆ ಮಾತ್ರ ಅದನ್ನು ವಿಸ್ತರಿಸಬಹುದು. ತಪಾಸಣಾ ಠಾಣೆಯ ಬಳಿ ನಿಂತ ಲಾರಿಯ ಬಿಲ್ ಮಧ್ಯರಾತ್ರಿ ಮುಗಿಯುವುದಾದರೆ, ಚಾಲಕನು ಕಾಡನ್ನು ಪ್ರವೇಶಿಸುವ ಮೊದಲೇ ಮಾಲೀಕರನ್ನು ಅಥವಾ ಸಾಗಣೆ ಸಂಸ್ಥೆಯನ್ನು ಸಂಪರ್ಕಿಸಿ ಅದನ್ನು ವಿಸ್ತರಿಸಿಕೊಳ್ಳಬೇಕಾಗುತ್ತದೆ. ತಪ್ಪಿದಲ್ಲಿ ಸರಕಿನ ತಡೆ ಮತ್ತು ದಂಡದ ಸಂಭವವಿದೆ.

ಹಂಗಾಮಿ ಕೂಲಿಕಾರರು: ನಂಜನಗೂಡು ತಾಲ್ಲೂಕಿನ ಅಳಗಂಚಿಯಲ್ಲಿ ಸಕ್ಕರೆ ಕಾರ್ಖಾನೆ ಇದೆ. ಕಬ್ಬು ಕಟಾವಿನ ಹಂಗಾಮಿನಲ್ಲಿ ಊರಿನಿಂದ ಊರಿಗೆ ಹೋಗಿ ಗುಡಿಸಲುಗಳಲ್ಲಿ ತಂಗುವ ಕೂಲಿ ತಂಡಗಳಿಗೆ ಮನೆಗೆ ಹಣ ಕಳುಹಿಸುವುದು, ಬ್ಯಾಂಕಿನ ಒಟಿಪಿ ಪಡೆಯುವುದು, ಮಕ್ಕಳೊಂದಿಗೆ ಮಾತನಾಡುವುದು ಎಲ್ಲವೂ ಮೊಬೈಲ್ ಮೂಲಕವೇ ನಡೆಯಬೇಕು.

ಯಾತ್ರಿಕರು ಮತ್ತು ಜಾತ್ರೆ ವ್ಯಾಪಾರಿಗಳು: ನಂಜನಗೂಡಿನ ಪಂಚ ಮಹಾರಥೋತ್ಸವ, ಸುತ್ತೂರು ಜಾತ್ರೆ ಹಾಗೂ ಟಿ. ನರಸೀಪುರದ ಕುಂಭಮೇಳಗಳಿಗೆ ಬರುವ ಸಂಚಾರಿ ವ್ಯಾಪಾರಿಗಳು ಇಂದು ಹೆಚ್ಚಾಗಿ ಯುಪಿಐ ಮೂಲಕ ಹಣ ಪಡೆಯುತ್ತಾರೆ. ಜನ ಹೆಚ್ಚು ಸೇರಿದ ದಿನ ವ್ಯಾಪಾರವೂ ಹೆಚ್ಚು. ಆದರೆ ಜಾಲವು ದುರ್ಬಲವಾಗುವುದೂ ಅದೇ ದಿನ.

ತಾಂತ್ರಿಕ ಆಧಾರ

ಮೊಬೈಲ್ ಜಾಲದಲ್ಲಿ ಪ್ರತಿ ಗೋಪುರವೂ ತನ್ನ ಸುತ್ತಲಿನ ಒಂದು ನಿರ್ದಿಷ್ಟ ಪ್ರದೇಶಕ್ಕೆ ಸೇವೆ ನೀಡುತ್ತದೆ. ಈ ಪ್ರದೇಶವನ್ನು ಕೋಶ ಎನ್ನಲಾಗುತ್ತದೆ. ವಾಹನ ಚಲಿಸಿದಂತೆ ದೂರವಾಣಿಯು ಒಂದು ಕೋಶದಿಂದ ಮತ್ತೊಂದಕ್ಕೆ ವರ್ಗಾವಣೆಯಾಗುತ್ತದೆ. ಎರಡು ಕೋಶಗಳ ನಡುವೆ ಅಂತರವಿದ್ದರೆ ಸಂಪರ್ಕ ಕಡಿಯುತ್ತದೆ.

ಕಡಿಮೆ ಆವರ್ತನದ ಅಲೆಗಳು ದೂರ ಸಾಗುತ್ತವೆ, ಗೋಡೆಗಳನ್ನೂ ಹೆಚ್ಚು ಸುಲಭವಾಗಿ ಭೇದಿಸುತ್ತವೆ. ಹೆಚ್ಚಿನ ಆವರ್ತನಗಳಲ್ಲಿ ವಿಶಾಲವಾದ ತರಂಗ ಪಟ್ಟಿಗಳು ದೊರೆಯುವುದರಿಂದ ಹೆಚ್ಚು ಡೇಟಾ ಸಾಗಿಸಬಹುದು, ಆದರೆ ವ್ಯಾಪ್ತಿ ಕಿರಿದು. ಭಾರತದಲ್ಲಿ 700, 850 ಮತ್ತು 900 ಮೆಗಾಹರ್ಟ್ಸ್ ಪಟ್ಟಿಗಳು ಮೊದಲ ಬಗೆಗೆ, 2300 ಮತ್ತು 3300 ಮೆಗಾಹರ್ಟ್ಸ್ ಪಟ್ಟಿಗಳು ಎರಡನೆಯ ಬಗೆಗೆ ಸೇರುತ್ತವೆ. 1800 ಮತ್ತು 2100 ಮೆಗಾಹರ್ಟ್ಸ್ ಪಟ್ಟಿಗಳು ನಡುವಿನವು. ಆದ್ದರಿಂದ ಪಟ್ಟಣದ ಬಸ್ ನಿಲ್ದಾಣದಲ್ಲಿ ವೇಗವಾದ 5ಜಿ ದೊರೆತರೂ, ಕೆಲವೇ ಕಿಲೋಮೀಟರ್ ದೂರದ ಹಳ್ಳಿಯಲ್ಲಿ 4ಜಿ ಮಾತ್ರ ದೊರೆಯಬಹುದು. ಹೊರದೇಶದಿಂದ ತಂದ ದೂರವಾಣಿಯು ಈ ಪಟ್ಟಿಗಳನ್ನು ಬೆಂಬಲಿಸದಿದ್ದಲ್ಲಿ ಗೋಪುರ ಹತ್ತಿರವಿದ್ದರೂ ಪ್ರಯೋಜನವಾಗದು.

ದೂರವಾಣಿಯ ಪರದೆಯ ಮೇಲೆ ಕಾಣುವ ಕಡ್ಡಿಗಳು ಸಂಕೇತದ ಬಲವನ್ನು ಸೂಚಿಸುತ್ತವೆಯೇ ಹೊರತು ವೇಗವನ್ನಲ್ಲ. ಸಂಕೇತವನ್ನು ಡಿಬಿಎಂ ಎಂಬ ಮಾನದಲ್ಲಿ ಅಳೆಯುತ್ತಾರೆ. 4ಜಿಯಲ್ಲಿ ಸಾಮಾನ್ಯವಾಗಿ −80ರ ಆಸುಪಾಸಿನ ಮೌಲ್ಯ ಉತ್ತಮ. −110ಕ್ಕಿಂತ ಕೆಳಗಿಳಿದರೆ ದುರ್ಬಲ. ಬಸ್ಸು ಹಾಗೂ ಲಾರಿಗಳ ಲೋಹದ ಹೊದಿಕೆ ಸಂಕೇತವನ್ನು ತಗ್ಗಿಸುವುದರಿಂದ ಕಿಟಕಿಯ ಬಳಿ ಸಂಪರ್ಕ ಉತ್ತಮವಾಗಿರುತ್ತದೆ.

ಸಂಪರ್ಕದ ವಿಧಾನಗಳು

ಮೊಬೈಲ್ ಜಾಲ

ರಸ್ತೆಯಲ್ಲಿರುವವರಿಗೆ ಮೊಬೈಲ್ ಜಾಲವೇ ಪ್ರಧಾನ ಮಾರ್ಗ. ಎರಡು ಸಿಮ್‌ಗಳಿರುವ ದೂರವಾಣಿಯಲ್ಲಿ ಎರಡು ಬೇರೆ ಸಂಸ್ಥೆಗಳ ಸಿಮ್‌ಗಳನ್ನು ಇರಿಸಿಕೊಳ್ಳುವುದು ಸಂಪರ್ಕದ ಭದ್ರತೆಗೆ ಇರುವ ಅತ್ಯಂತ ಸರಳ ಉಪಾಯ. ಆದರೆ ಭಾರತದಲ್ಲಿ ಹಲವು ಸಂಸ್ಥೆಗಳು ಒಂದೇ ಗೋಪುರವನ್ನು ಹಂಚಿಕೊಳ್ಳುತ್ತವೆ. ಅಂತಹ ಗೋಪುರಕ್ಕೆ ವಿದ್ಯುತ್ ನಿಂತರೆ ಅಥವಾ ಅದಕ್ಕೆ ಬರುವ ದೃಕ್‌ತಂತು ಕಡಿದರೆ ಎರಡೂ ಸಿಮ್‌ಗಳು ಏಕಕಾಲಕ್ಕೆ ನಿಷ್ಕ್ರಿಯವಾಗಬಹುದು. ಸಂಸ್ಥೆಗಳು ತಮ್ಮ ಜಾಲತಾಣಗಳಲ್ಲಿ ವ್ಯಾಪ್ತಿಯ ನಕ್ಷೆಗಳನ್ನು ಪ್ರಕಟಿಸಬೇಕೆಂದು ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) ವಿಧಿಸಿದೆ. ಇವುಗಳ ನೆರವಿನಿಂದ ಮಾರ್ಗದ ಯಾವ ಭಾಗದಲ್ಲಿ ಯಾವ ಸಂಸ್ಥೆಯ ಸೇವೆ ಇದೆ ಎಂಬುದನ್ನು ಹೊರಡುವ ಮೊದಲೇ ತಿಳಿಯಬಹುದು.

ದಿನಕ್ಕೆ ಇಂತಿಷ್ಟು ಎಂದು ನಿಗದಿಯಾದ ಡೇಟಾ ಮುಗಿದ ನಂತರ ವೇಗವು ಸಾಮಾನ್ಯವಾಗಿ ಸೆಕೆಂಡಿಗೆ 64 ಕಿಲೋಬಿಟ್‌ಗೆ ಇಳಿಯುತ್ತದೆ. ಈ ವೇಗದಲ್ಲಿ ಅಕ್ಷರ ಸಂದೇಶ ಕಳುಹಿಸಬಹುದಾದರೂ ವಿಡಿಯೊ ಅಸಾಧ್ಯ. ಎರಡನೆಯ ಸಿಮ್ ಅನ್ನು ಕೇವಲ ಕರೆ ಹಾಗೂ ಒಟಿಪಿಗಾಗಿ ಇರಿಸಿಕೊಳ್ಳುವವರ ಅನುಕೂಲಕ್ಕಾಗಿ, ಡೇಟಾರಹಿತ ಪ್ಯಾಕ್‌ಗಳನ್ನೂ ನೀಡಬೇಕೆಂದು ಟ್ರಾಯ್ 2024ರ ಡಿಸೆಂಬರ್‌ನಲ್ಲಿ ಆದೇಶಿಸಿ, ಇಂತಹ ಪ್ಯಾಕ್‌ಗಳ ಗರಿಷ್ಠ ಅವಧಿಯನ್ನು 365 ದಿನಗಳಿಗೆ ಏರಿಸಿತು.

ಹಾಟ್‌ಸ್ಪಾಟ್ ಮತ್ತು ಸಂಚಾರಿ ರೂಟರ್

ಒಂದು ದೂರವಾಣಿಯ ಡೇಟಾವನ್ನು ವೈ-ಫೈ ಮೂಲಕ ಇತರ ಸಾಧನಗಳಿಗೆ ಹಂಚುವುದನ್ನು ಹಾಟ್‌ಸ್ಪಾಟ್ ಎನ್ನುತ್ತಾರೆ. ಇದರಿಂದ ದೂರವಾಣಿಯ ಬ್ಯಾಟರಿ ಬೇಗ ಬರಿದಾಗುತ್ತದೆ. ವಾಹನದಲ್ಲೇ ವಾಸಿಸುವವರು ಸಿಮ್ ಹಾಕಬಹುದಾದ ಪ್ರತ್ಯೇಕ ಸಂಚಾರಿ ರೂಟರ್‌ಗಳನ್ನು ಬಳಸುತ್ತಾರೆ. ಕೆಲವು ರೂಟರ್‌ಗಳಿಗೆ ವಾಹನದ ಛಾವಣಿಯ ಮೇಲೆ ಹೊರ ಆಂಟೆನಾ ಜೋಡಿಸಬಹುದು. ಹೊರ ಆಂಟೆನಾ ಇರುವ ಸಂಕೇತವನ್ನು ಉತ್ತಮವಾಗಿ ಹಿಡಿಯಬಲ್ಲದೇ ಹೊರತು ಇಲ್ಲದ ಸಂಕೇತವನ್ನು ಸೃಷ್ಟಿಸಲಾರದು.

ಸಾರ್ವಜನಿಕ ವೈ-ಫೈ

ರೈಲ್‌ಟೆಲ್ ಸಂಸ್ಥೆಯು 2016ರ ಜನವರಿಯಲ್ಲಿ ಮುಂಬೈ ಸೆಂಟ್ರಲ್‌ನಿಂದ ಆರಂಭಿಸಿ ದೇಶದ ಆರು ಸಾವಿರಕ್ಕೂ ಹೆಚ್ಚು ರೈಲು ನಿಲ್ದಾಣಗಳಿಗೆ ವೈ-ಫೈ ಒದಗಿಸಿದೆ. ಇದರಲ್ಲಿ ದಿನದ ಮೊದಲ 30 ನಿಮಿಷ ಉಚಿತ. ಸೇವೆಯು ನಿಲ್ದಾಣದ ಆವರಣಕ್ಕೆ ಸೀಮಿತವಾಗಿದ್ದು, ರೈಲು ಹೊರಟ ನಂತರ ದೊರೆಯುವುದಿಲ್ಲ.

ಕೇಂದ್ರ ಸಚಿವ ಸಂಪುಟವು 2020ರ ಡಿಸೆಂಬರ್ 9ರಂದು ಒಪ್ಪಿಗೆ ನೀಡಿದ ಪಿಎಂ-ವಾಣಿ ಯೋಜನೆಯಡಿ ಚಹಾ ಅಂಗಡಿ ಅಥವಾ ಕಿರಾಣಿ ಅಂಗಡಿಯವರೂ ಪರವಾನಗಿ ಶುಲ್ಕವಿಲ್ಲದೆ ಸಾರ್ವಜನಿಕ ವೈ-ಫೈ ಕೇಂದ್ರವನ್ನು ನಡೆಸಬಹುದು. ಗ್ರಾಮ ಪಂಚಾಯಿತಿಗಳನ್ನು ದೃಕ್‌ತಂತುವಿನಿಂದ ಜೋಡಿಸುವ ಭಾರತ್‌ನೆಟ್ ಯೋಜನೆಯು 2011ರಲ್ಲಿ ಬೇರೊಂದು ಹೆಸರಿನಲ್ಲಿ ಅನುಮೋದನೆ ಪಡೆದಿತ್ತು. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಗಳು (ಗ್ರಂಥಾಲಯಗಳು) ಹಾಗೂ ಗ್ರಾಮ ಒನ್ ಕೇಂದ್ರಗಳು ಮೊಬೈಲ್ ಸಂಪರ್ಕ ದುರ್ಬಲವಾದಾಗ ಅರ್ಜಿ ಸಲ್ಲಿಕೆ ಮೊದಲಾದ ಕೆಲಸಗಳಿಗೆ ಪರ್ಯಾಯವಾಗಬಲ್ಲವು.

ಭಾರತದ ಸಾರ್ವಜನಿಕ ವೈ-ಫೈ ಸೇವೆಗಳಿಗೆ ಪ್ರವೇಶಿಸಲು ಸಾಮಾನ್ಯವಾಗಿ ಮೊಬೈಲ್‌ಗೆ ಬರುವ ಒಟಿಪಿ ಬೇಕು. ಆದ್ದರಿಂದ ಮೊಬೈಲ್ ಜಾಲವೇ ಇಲ್ಲದ ಸ್ಥಳದಲ್ಲಿ ವೈ-ಫೈ ಇದ್ದರೂ ಪ್ರವೇಶ ದೊರೆಯದಿರಬಹುದು. ಭಾರತೀಯ ಸಂಖ್ಯೆ ಇಲ್ಲದ ವಿದೇಶಿ ಪ್ರವಾಸಿಗರಿಗೂ ಇದೇ ತೊಡಕು ಎದುರಾಗುತ್ತದೆ.

ಉಪಗ್ರಹ ಸಂಪರ್ಕ

ಭೂಮಿಗೆ ಸಮೀಪದ ಕಕ್ಷೆಯ ಉಪಗ್ರಹಗಳ ಮೂಲಕ ಗೋಪುರಗಳಿಲ್ಲದ ಸ್ಥಳದಲ್ಲೂ ಅಂತರಜಾಲ ಪಡೆಯಬಹುದು. ಸ್ಟಾರ್‌ಲಿಂಕ್ ಸಂಸ್ಥೆಗೆ ಭಾರತದಲ್ಲಿ 2025ರ ಜೂನ್‌ನಲ್ಲಿ ಪರವಾನಗಿ ದೊರೆಯಿತು. ಉಪಗ್ರಹದ ತಟ್ಟೆಗೆ ತೆರೆದ ಆಕಾಶ ಅಗತ್ಯವಾದ್ದರಿಂದ ದಟ್ಟ ಮರಗಳ ಕೆಳಗೆ ಸಂಪರ್ಕ ಕಡಿಯುತ್ತದೆ. ಭಾರೀ ಮಳೆಯಲ್ಲೂ ಕುಗ್ಗುತ್ತದೆ.

ಅಡಚಣೆಗಳು

ಅರಣ್ಯ ಮತ್ತು ರಾಜ್ಯದ ಗಡಿ

ಗುಂಡ್ಲುಪೇಟೆಯ ನಂತರ ಮದ್ದೂರು ತಪಾಸಣಾ ಠಾಣೆಯಿಂದ ಕೇರಳದ ಗಡಿಯ ವರೆಗಿನ ಮಾರ್ಗವು ಕಾಡಿನೊಳಗೆ ಸಾಗುತ್ತದೆ. ವನ್ಯಜೀವಿಗಳ ರಕ್ಷಣೆಗಾಗಿ ಇಲ್ಲಿ ವಾಹನ ನಿಲ್ಲಿಸುವುದನ್ನು ನಿಷೇಧಿಸಲಾಗಿದೆ. ಹೀಗಾಗಿ ಸಂಕೇತ ದೊರೆತ ಕಡೆ ನಿಂತು ಮಾತನಾಡುವ ಬಯಲುಸೀಮೆಯ ರೂಢಿ ಇಲ್ಲಿ ಅಪಾಯಕಾರಿ ಮಾತ್ರವಲ್ಲ, ನಿಯಮಬಾಹಿರವೂ ಹೌದು. ಕರೆ, ಹಣ ಪಾವತಿ ಮತ್ತು ದಾಖಲೆಗಳ ಕೆಲಸವನ್ನು ಗುಂಡ್ಲುಪೇಟೆಯಲ್ಲೇ ಮುಗಿಸಿಕೊಳ್ಳುವುದು ಸೂಕ್ತ.

ಕರ್ನಾಟಕ ಮತ್ತು ಕೇರಳ ಬೇರೆ ಬೇರೆ ದೂರಸಂಪರ್ಕ ವಲಯಗಳು. ಗಡಿ ದಾಟಿದಾಗ ದೂರವಾಣಿಯು ಮತ್ತೊಂದು ವಲಯದ ಜಾಲಕ್ಕೆ ಸೇರಬೇಕಾಗುತ್ತದೆ. ಡೇಟಾ ರೋಮಿಂಗ್ ಆಯ್ಕೆಯನ್ನು ಆರಿಸಿಟ್ಟಿದ್ದರೆ ಕೆಲವು ದೂರವಾಣಿಗಳಲ್ಲಿ ಕರೆ ಬಂದರೂ ಅಂತರಜಾಲ ನಿಲ್ಲುತ್ತದೆ.

ಜನಸಂದಣಿ

ಒಂದು ಕೋಶದ ಸಾಮರ್ಥ್ಯವನ್ನು ಅದರಲ್ಲಿರುವ ಎಲ್ಲ ಬಳಕೆದಾರರು ಹಂಚಿಕೊಳ್ಳುತ್ತಾರೆ. 20 ಮೆಗಾಹರ್ಟ್ಸ್ ಅಗಲದ ಸಾಮಾನ್ಯ 4ಜಿ ಕೋಶದ ಸೈದ್ಧಾಂತಿಕ ಗರಿಷ್ಠ ವೇಗ ಸೆಕೆಂಡಿಗೆ ಸುಮಾರು 150 ಮೆಗಾಬಿಟ್. ಏಕಕಾಲದಲ್ಲಿ 300 ಮಂದಿ ಡೇಟಾ ಬಳಸಿದರೆ ಪ್ರತಿಯೊಬ್ಬರ ಪಾಲಿಗೆ ಹೆಚ್ಚೆಂದರೆ ಅರ್ಧ ಮೆಗಾಬಿಟ್ ಬರುತ್ತದೆ. ವಾಸ್ತವದಲ್ಲಿ ಇನ್ನೂ ಕಡಿಮೆ. ರಥಬೀದಿಯಲ್ಲಿ ಅಥವಾ ಸಂಗಮದ ದಡದಲ್ಲಿ ಸಾವಿರಾರು ಜನ ಸೇರಿದಾಗ ಕಡ್ಡಿಗಳು ಪೂರ್ಣವಾಗಿ ಕಂಡರೂ ಪುಟ ತೆರೆಯದಿರುವುದಕ್ಕೆ ಇದೇ ಕಾರಣ.

ಟಿ. ನರಸೀಪುರದಲ್ಲಿ ಮೂರು ವರ್ಷಗಳಿಗೊಮ್ಮೆ ಕುಂಭಮೇಳ ನಡೆಸುವ ಪದ್ಧತಿ 1989ರಲ್ಲಿ ಆರಂಭವಾಯಿತು. 2025ರ ಮೇಳವು ಫೆಬ್ರವರಿ 10ರಿಂದ 12ರ ವರೆಗೆ ನಡೆಯಿತು. ಇಂತಹ ತಾತ್ಕಾಲಿಕ ಸಂದಣಿಗೆ ದೂರಸಂಪರ್ಕ ಸಂಸ್ಥೆಗಳು ಟ್ರಕ್‌ಗಳ ಮೇಲೆ ಅಳವಡಿಸಿದ ಸಂಚಾರಿ ಗೋಪುರಗಳನ್ನು ಬಳಸುವುದುಂಟು. ಸಂದಣಿಯಲ್ಲಿ ವಿಡಿಯೊ ಕರೆಗಿಂತ ಎಸ್‌ಎಂಎಸ್ ತಲುಪುವ ಸಾಧ್ಯತೆ ಹೆಚ್ಚು. ಮಕ್ಕಳು ಮತ್ತು ವೃದ್ಧರೊಂದಿಗೆ ಬರುವ ಕುಟುಂಬಗಳು ತಪ್ಪಿಸಿಕೊಂಡರೆ ಸೇರಬೇಕಾದ ಸ್ಥಳವನ್ನು ಮೊದಲೇ ಗೊತ್ತುಪಡಿಸಿಕೊಳ್ಳುವುದು ಯಾವುದೇ ಜಾಲಕ್ಕಿಂತ ಹೆಚ್ಚು ಭರವಸೆಯ ಕ್ರಮ.

ಪ್ರವಾಹ

ಕಬಿನಿ ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ನಂಜನಗೂಡಿನ ತಗ್ಗು ಪ್ರದೇಶಗಳು ಜಲಾವೃತವಾಗುತ್ತವೆ. 2018 ಮತ್ತು 2019ರ ಆಗಸ್ಟ್ ತಿಂಗಳಲ್ಲಿ ಮಲ್ಲನಮೂಲೆಯ ಬಳಿ ಹೆದ್ದಾರಿಯ ಮೇಲೆ ನೀರು ಹರಿದು ಮೈಸೂರು–ನಂಜನಗೂಡು ಸಂಚಾರಕ್ಕೆ ಅಡ್ಡಿಯಾಗಿತ್ತು. ಪ್ರವಾಹದ ವೇಳೆ ವಿದ್ಯುತ್ ಕಡಿತವಾದರೆ ಗೋಪುರಗಳು ಬ್ಯಾಟರಿ ಮತ್ತು ಡೀಸೆಲ್ ಜನರೇಟರ್‌ಗಳನ್ನು ಅವಲಂಬಿಸುತ್ತವೆ. ಇಂಧನ ತಲುಪದಿದ್ದರೆ ಅವೂ ಸ್ತಬ್ಧವಾಗುತ್ತವೆ. ಅಂದರೆ ಮಾರ್ಗದ ಮಾಹಿತಿ ಅತ್ಯಗತ್ಯವಾದಾಗಲೇ ಸಂಪರ್ಕ ತಪ್ಪುವ ಸಂಭವ ಹೆಚ್ಚು. ದೂರಸಂಪರ್ಕ ಇಲಾಖೆಯು 2023ರಲ್ಲಿ ದೇಶದಾದ್ಯಂತ ಪರೀಕ್ಷಿಸಿದ ಕೋಶ ಪ್ರಸಾರ ವ್ಯವಸ್ಥೆಯ ಮೂಲಕ, ಡೇಟಾ ಇಲ್ಲದಿದ್ದರೂ ಒಂದು ಪ್ರದೇಶದ ಎಲ್ಲ ದೂರವಾಣಿಗಳಿಗೆ ಏಕಕಾಲದಲ್ಲಿ ಎಚ್ಚರಿಕೆ ಕಳುಹಿಸಬಹುದು.

ಸಂಪರ್ಕವಿಲ್ಲದ ಸಮಯದ ಸಿದ್ಧತೆ

ಕೆಲವು ಕೆಲಸಗಳಿಗೆ ಅಂತರಜಾಲ ಅಗತ್ಯವೆಂದು ಭಾವಿಸಲಾಗುತ್ತದೆಯಾದರೂ ಅವುಗಳಿಗೆ ಪರ್ಯಾಯಗಳಿವೆ.

• ನಕ್ಷೆ: ದೂರವಾಣಿಯ ಜಿಪಿಎಸ್ ಉಪಗ್ರಹಗಳಿಂದ ನೇರವಾಗಿ ಸ್ಥಾನವನ್ನು ಗುರುತಿಸುತ್ತದೆ, ಅದಕ್ಕೆ ಅಂತರಜಾಲ ಬೇಕಿಲ್ಲ. ನಕ್ಷೆಯನ್ನು ಮೊದಲೇ ಇಳಿಸಿಕೊಂಡಿದ್ದರೆ ಕಾಡಿನೊಳಗೂ ಮಾರ್ಗ ತಿಳಿಯಬಹುದು.

• ಹಣ ಪಾವತಿ: *99# ಸೇವೆ ಹಾಗೂ 2022ರ ಮಾರ್ಚ್‌ನಲ್ಲಿ ಆರಂಭವಾದ ಯುಪಿಐ 123ಪೇ ಡೇಟಾ ಇಲ್ಲದೆ ಕೆಲಸ ಮಾಡುತ್ತವೆ. ಆದರೆ ಇವುಗಳಿಗೂ ಮೊಬೈಲ್ ಸಂಕೇತ ಬೇಕು. ಸಂಕೇತವೇ ಇಲ್ಲದ ಕಡೆ ನಗದು ಹಣವೇ ಆಸರೆ.

• ದಾಖಲೆಗಳು: ಡಿಜಿಲಾಕರ್‌ನಲ್ಲಿರುವ ಚಾಲನಾ ಪರವಾನಗಿ ಮತ್ತು ವಾಹನ ನೋಂದಣಿ ಪತ್ರಗಳಿಗೆ ಕಾನೂನಿನ ಮಾನ್ಯತೆ ಇದೆ. ಆದರೂ ಮೂಲ ಪತ್ರ ಮತ್ತು ಇ-ವೇ ಬಿಲ್ಲಿನ ಮುದ್ರಿತ ಪ್ರತಿ ಜೊತೆಗಿದ್ದರೆ ತಪಾಸಣೆಯ ಸ್ಥಳದಲ್ಲಿ ಜಾಲಕ್ಕಾಗಿ ಕಾಯಬೇಕಾಗಿಲ್ಲ.

• ವಿದ್ಯುತ್: ದುರ್ಬಲ ಸಂಕೇತವಿರುವೆಡೆ ದೂರವಾಣಿಯು ಗೋಪುರವನ್ನು ಹುಡುಕುತ್ತ ಹೆಚ್ಚು ಶಕ್ತಿ ವ್ಯಯಿಸುತ್ತದೆ. ಕಾಡಿನ ಮಾರ್ಗದಲ್ಲಿ ಬ್ಯಾಟರಿ ಬೇಗ ಇಳಿಯುವುದು ಇದರಿಂದಲೇ. ಪವರ್ ಬ್ಯಾಂಕ್ ಅಥವಾ ವಾಹನದ ಚಾರ್ಜರ್ ಇದಕ್ಕೆ ಪರಿಹಾರ.

• ತುರ್ತು ಕರೆ: ತಮ್ಮ ಸಂಸ್ಥೆಯ ಸಂಕೇತ ಇಲ್ಲದಿದ್ದರೂ, ಬೇರೆ ಸಂಸ್ಥೆಯ ಸಂಕೇತವಿದ್ದಲ್ಲಿ 112ಕ್ಕೆ ಕರೆ ಹೋಗುವ ಸಾಧ್ಯತೆ ಇರುತ್ತದೆ. ಯಾವ ಜಾಲವೂ ಇಲ್ಲದ ಕಡೆ ಇದೂ ಸಾಧ್ಯವಿಲ್ಲ.

ಕಾನೂನು ಮತ್ತು ಸುರಕ್ಷತೆ

ಮಾರುಕಟ್ಟೆಯಲ್ಲಿ ದೊರೆಯುವ ಮೊಬೈಲ್ ಸಂಕೇತ ವರ್ಧಕಗಳನ್ನು (ಬೂಸ್ಟರ್) ಅನುಮತಿ ಇಲ್ಲದೆ ಅಳವಡಿಸುವುದು ಭಾರತದಲ್ಲಿ ಕಾನೂನುಬಾಹಿರ. ಅವು ಸುತ್ತಲಿನ ಇತರರ ಸಂಪರ್ಕವನ್ನು ಕೆಡಿಸುತ್ತವೆ. ವಿದೇಶಗಳಿಂದ ಉಪಗ್ರಹ ದೂರವಾಣಿಗಳನ್ನು ಅನುಮತಿ ಇಲ್ಲದೆ ತಂದು ಬಳಸುವುದೂ ನಿಷಿದ್ಧ. ಒಬ್ಬ ವ್ಯಕ್ತಿಯು ಕರ್ನಾಟಕದಲ್ಲಿ ಗರಿಷ್ಠ 9 ಸಿಮ್‌ಗಳನ್ನು ಹೊಂದಬಹುದು. ತನ್ನ ಹೆಸರಿನಲ್ಲಿರುವ ಸಂಪರ್ಕಗಳನ್ನು ಪರಿಶೀಲಿಸಲು ಮತ್ತು ಕಳೆದುಹೋದ ದೂರವಾಣಿಯನ್ನು ನಿರ್ಬಂಧಿಸಲು 2023ರಲ್ಲಿ ಆರಂಭವಾದ ಸಂಚಾರ್ ಸಾಥಿ ಜಾಲತಾಣವನ್ನು ಬಳಸಬಹುದು.

ಪ್ರಯಾಣದಲ್ಲಿ ದೂರವಾಣಿ ಕಳೆದುಹೋದರೆ ಅದರೊಂದಿಗೆ ಸಂಪರ್ಕ, ಹಣ ಮತ್ತು ದಾಖಲೆಗಳೆಲ್ಲವೂ ಒಮ್ಮೆಗೇ ಕೈತಪ್ಪುತ್ತವೆ. ಮುಖ್ಯ ದೂರವಾಣಿ ಸಂಖ್ಯೆಗಳನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳುವುದು ಈ ಕಾರಣದಿಂದ ಇಂದಿಗೂ ಪ್ರಸ್ತುತವಾಗಿದೆ. ಗುಪ್ತಪದವಿಲ್ಲದ ಸಾರ್ವಜನಿಕ ವೈ-ಫೈ ಮೂಲಕ ಬ್ಯಾಂಕ್ ವ್ಯವಹಾರ ನಡೆಸುವುದಕ್ಕಿಂತ ಸ್ವಂತ ಮೊಬೈಲ್ ಡೇಟಾ ಬಳಸುವುದು ಸುರಕ್ಷಿತ.

ಇವನ್ನೂ ನೋಡಿ

• ನಂಜನಗೂಡು
• ತಿರುಮಕೂಡಲು ನರಸೀಪುರ
• ಬಂಡೀಪುರ ರಾಷ್ಟ್ರೀಯ ಉದ್ಯಾನ
• ವೈ-ಫೈ
• ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ